ಗೋದಾಮು ನೋಡಲು ಬಂದವರು ಪ್ರೆಸ್ ಸಾಲಿಗೆ ಬರಲಿಲ್ಲ

ಪೀಣ್ಯದಲ್ಲಿ ಲೋಹದ ತಗಡನ್ನು ಯಂತ್ರದಲ್ಲಿ ಒತ್ತಿ ಬಿಡಿಭಾಗ ಮಾಡುವ ಒಂದು ಪ್ರೆಸ್ ಶಾಪಿನಲ್ಲಿ ಆರು ವರ್ಷ ಲೆಕ್ಕ ಬರೆದವನು ನಾನು. ಪ್ರತಿ ವರ್ಷ ಬೆಂಕಿ ವಿಮೆ ನವೀಕರಿಸುವ ಮುಂಚೆ ವಿಮಾ ಕಂಪನಿಯ ಎಂಜಿನಿಯರ್ ಒಬ್ಬರು ಬರುತ್ತಿದ್ದರು. ಗೋದಾಮಿನ ವೈರಿಂಗ್, ಥಿನ್ನರ್ ಡಬ್ಬಗಳನ್ನಿಟ್ಟ ಜಾಗ, ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ಎಲ್ಲವನ್ನೂ ನೋಡಿ ಬರೆದುಕೊಳ್ಳುತ್ತಿದ್ದರು. ಅವರು ಹೇಳಿದ ರಿಪೇರಿ ವಾರದೊಳಗೆ ಮುಗಿಯುತ್ತಿತ್ತು. ಪಕ್ಕದಲ್ಲೇ ಇದ್ದ ಪವರ್ ಪ್ರೆಸ್‌ಗಳ ಸಾಲಿಗೆ ಮಾತ್ರ ಅವರು ಹೋಗುತ್ತಿರಲಿಲ್ಲ. ಅಲ್ಲಿ ಕುಳಿತವರ ಕೈಗಳು ಅವರ ಪಾಲಿಸಿಗೆ ಸೇರಿದವಲ್ಲ.

ಒಂದು ಸಂಜೆ, ಶಿಫ್ಟ್ ಮುಗಿಯಲು ಇಪ್ಪತ್ತು ನಿಮಿಷವಿದ್ದಾಗ, ಒಬ್ಬ ಹುಡುಗನ ಎರಡು ಬೆರಳುಗಳು ಪ್ರೆಸ್‌ನ ಡೈ, ಅಂದರೆ ತಗಡು ಒತ್ತುವ ಅಚ್ಚಿನ ಕೆಳಗೆ ಸಿಕ್ಕಿ ಹೋದವು. ಎರಡೂ ಕೈಯಿಂದ ಬಟನ್ ಒತ್ತಿದರೆ ಮಾತ್ರ ಇಳಿಯಬೇಕಾದ ಪ್ರೆಸ್ ಅದು. ಕೆಲಸ ನಿಧಾನವಾಗುತ್ತದೆಂದು ಬಟನ್ ಬಿಡಿಸಿ, ಕಾಲಿನ ಪೆಡಲ್‌ನಲ್ಲಿ ಓಡಿಸುತ್ತಿದ್ದರು.

ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐ ಅವನ ಕೈ ಬಿಡಲಿಲ್ಲ. ಚಿಕಿತ್ಸೆ ಸಿಕ್ಕಿತು, ರಜೆಯ ದಿನಗಳಿಗೆ ಕೂಲಿಯ ಶೇ 90ರಷ್ಟು ಬಂತು. ನನ್ನ ಸಂಕಟ ಬೇರೆ. ಮುಂದಿನ ತಿಂಗಳ ಇಎಸ್‌ಐ ವಂತಿಗೆಯ ಚಲನ್ ತುಂಬಿದಾಗ ದರ ಒಂದಿಷ್ಟೂ ಬದಲಾಗಿರಲಿಲ್ಲ: ಕೂಲಿಯ ಲೆಕ್ಕದಲ್ಲಿ ಮಾಲೀಕರದು ಶೇ 3.25, ಕಾರ್ಮಿಕರದು ಶೇ 0.75. ಒಂದು ಗಾಯವೂ ಆಗದಂತೆ ನೋಡಿಕೊಂಡ ಕಾರ್ಖಾನೆಗೂ ಅದೇ ದರ.

ಜರ್ಮನಿಯಲ್ಲಿ 1884ರ ಕಾಯ್ದೆಯ ಕಾಲದಿಂದಲೂ ಒಂದೊಂದು ಉದ್ಯಮಕ್ಕೆ ಒಂದೊಂದು ಅಪಘಾತ ವಿಮಾ ಸಂಸ್ಥೆ ಇದೆ. ಚಿಕಿತ್ಸೆಗೆ, ಪಿಂಚಣಿಗೆ ಹಣ ಕೊಡುವ ಆ ಸಂಸ್ಥೆಯ ತಪಾಸಕರೇ ಯಂತ್ರದ ಪಕ್ಕ ನಿಂತು ಸಲಹೆ ಕೊಡುತ್ತಾರೆ. ಕೆಲಸದ ಅಪಾಯ ನೋಡಿ ವಂತಿಗೆ ನಿಗದಿಯಾಗುತ್ತದೆ, ಅಪಘಾತ ಹೆಚ್ಚಿದರೆ ಅದೂ ಏರುತ್ತದೆ. ಮಾಲೀಕರು ಆ ಸಲಹೆಯನ್ನು ಕೇಳದೇ ಇರುವುದು ಕಷ್ಟ.

ಇದರಲ್ಲೂ ಒಂದು ಅಪಾಯವಿದೆ. ಕ್ಲೇಮ್ ಹೆಚ್ಚಿದರೆ ಖರ್ಚು ಏರುತ್ತದೆಂದು ಗೊತ್ತಾದರೆ, ಗಾಯಾಳುವನ್ನು ಸದ್ದಿಲ್ಲದೆ ಹೊರಗಿನ ಕ್ಲಿನಿಕ್ಕಿಗೆ ಕಳಿಸಿ, ಕೈಗೆ ನಾಲ್ಕು ಕಾಸು ಕೊಟ್ಟು ಬಾಯಿ ಮುಚ್ಚಿಸುವವರು ಹುಟ್ಟಿಕೊಳ್ಳುತ್ತಾರೆ. ಹಾಗಾಗಿ ಬರುವ ಸಲಹೆಗಾರರು ಕ್ಲೇಮ್‌ಗಳ ಸಂಖ್ಯೆಯನ್ನಷ್ಟೇ ನೋಡಿ ಹೋಗಬಾರದು. ಸೂಪರ್‌ವೈಸರ್ ಇಲ್ಲದಾಗ ಆಪರೇಟರ್ ಜೊತೆ ಮಾತಾಡಬೇಕು, ಕೈ ಸಿಕ್ಕದಂತೆ ಯಂತ್ರಕ್ಕೆ ಹಾಕಿದ ಗಾರ್ಡ್ ಮುಟ್ಟಿ ನೋಡಬೇಕು.

ಖರ್ಚಿನ ಮಾತು ಬಂದರೆ, 1931ರಲ್ಲಿಯೇ ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹೆನ್ರಿಚ್ ಎಂಬುವರು ಅಪಘಾತದ ಕಣ್ಣಿಗೆ ಕಾಣದ ವೆಚ್ಚ, ಕಾಣುವುದರ ನಾಲ್ಕು ಪಟ್ಟು ಎಂದಿದ್ದರು. ಆ ಅನುಪಾತವನ್ನು ಎಲ್ಲರೂ ಒಪ್ಪುವುದಿಲ್ಲ. ಕಾಣದ ವೆಚ್ಚವನ್ನು ಮಾತ್ರ ನನ್ನ ಕೈಯಾರೆ ಬರೆದಿದ್ದೇನೆ: ಹೊಸ ಹುಡುಗ ಹಾಳುಮಾಡಿದ್ದು ಸ್ಕ್ರ್ಯಾಪ್ ಖಾತೆಗೆ, ನಿಂತ ಕೆಲಸ ತುಂಬಿಸಿದ್ದು ಓವರ್‌ಟೈಮ್ ಖಾತೆಗೆ, ತಡವಾದ ಆರ್ಡರಿನ ಕಡಿತ ಇನ್ನೊಂದಕ್ಕೆ. ಆ ಪುಸ್ತಕದಲ್ಲಿ ಎಲ್ಲಿ ಹುಡುಕಿದರೂ ಬೆರಳು ಎಂಬ ಪದವಿಲ್ಲ.

ಮರುವರ್ಷ ಬೆಂಕಿ ವಿಮೆಯ ಎಂಜಿನಿಯರ್ ಬಂದಾಗ, ನಾನೇ ಅವರನ್ನು ಪ್ರೆಸ್ ಸಾಲಿಗೆ ಕರೆದುಕೊಂಡು ಹೋದೆ. ಹತ್ತು ನಿಮಿಷ ನಿಂತು ನೋಡಿ, "ಈ ಪೆಡಲ್ ಇವತ್ತೇ ತೆಗೆಸಿ ಸಾರ್" ಎಂದರು. ಆಮೇಲೆ ವರದಿಯ ನಮೂನೆಯನ್ನು ತಿರುವಿ ಹಾಕಿದರು. ಅದನ್ನು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ.