ಬೈಕ್ ಬ್ಯಾಟರಿಗೆ ಮತ್ತೆ ಆಸಿಡ್ ಸುರಿಯಬೇಡಿ

ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತು ಬ್ಯಾಟರಿ ಸತ್ತ ಬೈಕಿಗೆ ಹೊಸ ಆಸಿಡ್ ತುಂಬಿಸಿದರೆ ಸರಿಹೋಗುತ್ತದೆ ಅನ್ನೋ ಮೆಸೇಜ್ ತೀರ್ಥಹಳ್ಳಿ, ಸಾಗರದ ಕಡೆ ಗ್ರೂಪುಗಳಲ್ಲಿ ಓಡಾಡುತ್ತಿದೆ. ಅದು ತಪ್ಪು. ಚಾರ್ಜ್ ಆಗುವಾಗ ಕಡಿಮೆಯಾಗುವುದು ನೀರು. ಆಸಿಡ್ ಚೆಲ್ಲಿರದಿದ್ದರೆ ಒಳಗೇ ಇರುತ್ತದೆ. ಮತ್ತೆ ಸುರಿದರೆ ಅದರ ತೀಕ್ಷ್ಣತೆ ಜಾಸ್ತಿಯಾಗಿ ಪ್ಲೇಟುಗಳೇ ಹಾಳಾಗುತ್ತವೆ.

ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬ್ಯಾಟರಿ ಡಬ್ಬಿಯ ಮೇಲ್ಗಡೆಯ (UPPER) ಗೆರೆವರೆಗೆ. ನಮ್ಮ ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಬೇಡ, ಅದರಲ್ಲಿ ಲವಣ ಇರುತ್ತದೆ. ಸೀಲ್ ಆಗಿರುವುದನ್ನು ಬಿಚ್ಚಲೇಬೇಡಿ. ಚಾರ್ಜ್ ನಿಧಾನವಾಗಿರಲಿ: 5 ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್ ಸಾಕು. ಆಗ ಹೊರಬರುವುದು ಬೇಗ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ, ಬೀಡಿ-ಬೆಂಕಿ ಹತ್ತಿರ ಬೇಡ.

ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ಮೀಟರ್ ಹಿಡಿದರೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. 10.5ರಲ್ಲೇ ನಿಂತರೆ ಬ್ಯಾಟರಿಯೊಳಗಿನ ಒಂದು ಸೆಲ್ (ಖಾನೆ) ಹೋಗಿರುತ್ತದೆ, ಸುಮ್ನೆ ಕಷ್ಟಪಡಬೇಡಿ, ಬದಲಿಸಿ. ಆ ಮೆಸೇಜನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಆಸಿಡ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು.