ಎಲಿವೇಷನ್ ಆಮೇಲೆ, ಮೊದಲು ಮಣ್ಣು ನೋಡಿಸ್ರಿ

ಕಲಬುರಗಿಯಲ್ಲಿ ಮನೆ ಕಟ್ಟಿಸುವವರು ಆರ್ಕಿಟೆಕ್ಟ್ ಹತ್ತಿರ ಹೋದ ಕೂಡಲೇ ಕೇಳುವ ಮಾತು, 'ಸರ, ಎಲಿವೇಷನ್ ತೋರಿಸ್ರಿ.' ಅಂದರೆ ಮನೆಯ ಮುಂಭಾಗ ಹೇಗೆ ಕಾಣುತ್ತದೆ ಎಂಬ ಚಿತ್ರ. ಮೊಬೈಲಿನಲ್ಲಿ ಹೈದರಾಬಾದಿನದೋ ಬೆಂಗಳೂರಿನದೋ ಒಂದು ಫೋಟೊ ಇರುತ್ತದೆ, ಮುಂದೆಲ್ಲ ಗಾಜು. ಆ ಮನೆ ಯಾವ ದಿಕ್ಕಿಗಿದೆ, ಎಂಥ ನೆಲದ ಮೇಲೆ ನಿಂತಿದೆ ಎಂಬುದು ಅದರಲ್ಲಿ ಕಾಣದು. ತ್ರೀಡಿ ಚಿತ್ರಕ್ಕೆ ಖುಷಿಯಿಂದ ರೊಕ್ಕ ಕೊಡುವವರೇ ಮಣ್ಣಿನ ಪರೀಕ್ಷೆ ಎಂದರೆ 'ಬಾಜೂದವ್ರು ಮಾಡಿಸಿಲ್ಲಲ್ರಿ' ಅಂತಾರೆ. ನನಗೆ ಸಂಕಟ ಆಗುವುದು ಇಲ್ಲೇ.

ನಮ್ಮದು ಎರೆ ನೆಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಬುನಾದಿ ಆ ಪದರಿನಲ್ಲೇ ನಿಂತರೆ ಕೆಲವೇ ವರ್ಷಗಳಲ್ಲಿ ಕಿಟಕಿ ಮೂಲೆಯಿಂದ ಓರೆ ಬಿರುಕು, ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬಾಗಿಲು. ಗಿಲಾವು ಕೆತ್ತಿ ಪುಟ್ಟಿ ತುಂಬಿದರೂ ಬಿರುಕು ಮತ್ತೆ ಬರುತ್ತದೆ. ನಾಲ್ಕೈದು ಅಡಿಗೆ ಗಟ್ಟಿ ಮುರುಮು, ಅಂದರೆ ಗರಸು ಮಣ್ಣು, ಸಿಕ್ಕರೆ ಫೂಟಿಂಗನ್ನು (ಕಂಬದ ಅಡಿಯ ಅಗಲ ಪಾದವನ್ನು) ಅಲ್ಲಿಗೇ ಇಳಿಸಬಹುದು. ಎರೆ ಆಳವಾಗಿದ್ದರೆ ಅಂಡರ್‌ರೀಮ್ಡ್ ಪೈಲ್, ಅಂದರೆ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ, ಬೇಕು: ಸಾಮಾನ್ಯವಾಗಿ 3.5 ಮೀಟರಿಗೆ ಕಡಿಮೆ ಇಲ್ಲದ ಆಳ, ಬುಡದಲ್ಲಿ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ. ಪೈಲುಗಳನ್ನು ಜೋಡಿಸುವ ಬೀಮಿನ ಕೆಳಗೆ ಸಂದು ಬಿಡಬೇಕು, ಇಲ್ಲದಿದ್ದರೆ ಉಬ್ಬಿದ ಮಣ್ಣು ಬೀಮನ್ನೇ ಮೇಲೆತ್ತುತ್ತದೆ. ಇನ್ನು ಅಗೆದ ಎರೆಮಣ್ಣನ್ನೇ ಪ್ಲಿಂತ್ (ನೆಲಮಟ್ಟದಿಂದ ಎತ್ತರಿಸಿದ ಮನೆಯ ಪಾಯ) ಒಳಗೆ ತುಂಬುವುದು ದೊಡ್ಡ ತಪ್ಪು. ಟ್ರಾಲಿ ಖರ್ಚು ಉಳಿಯಿತು ಅನ್ನಿಸುತ್ತದೆ, ಆಮೇಲೆ ಹಾಸಿದ ಶಹಾಬಾದ್ ಫರ್ಸಿ ಕಲ್ಲು ಎದ್ದು ನಿಲ್ಲುತ್ತದೆ. ಮುರುಮನ್ನೇ ತರಿಸಿ, ಅರ್ಧ ಅಡಿಗೊಂದು ಪದರ ಹಾಕಿ, ನೀರು ಹೊಡೆದು ದಮ್ಮಸ್ ಮಾಡಿಸ್ರಿ, ಅಂದರೆ ಬಡಿದು ಗಟ್ಟಿ ಮಾಡಿಸ್ರಿ. ಬೀದರಿನ ಜಂಬಿಟ್ಟಿಗೆ ನೆಲದವರಿಗೆ ಈ ಚಿಂತೆ ಕಡಿಮೆ, ಹಾಗಂತ ಅಲ್ಲಿನ ನೆಂಟರ ಮನೆಯ ಬುನಾದಿ ನಕ್ಷೆ ಇಲ್ಲಿಗೆ ನಡೆಯದು.

ಒಳ್ಳೆಯ ಆರ್ಕಿಟೆಕ್ಟ್ ಮೊದಲ ಸಲಕ್ಕೇ ಗೆರೆ ಎಳೆಯಲು ಕೂರುವುದಿಲ್ಲ, ಕೇಳುತ್ತಾರೆ. ಮೊಣಕಾಲು ನೋವಿನ ಹಿರಿಯರಿದ್ದಾರೋ, ರೊಟ್ಟಿ ಬಡಿಯುವುದು ನಿಂತೋ ಕೂತೋ, ಹೊಲದಿಂದ ಜೋಳ, ತೊಗರಿಯ ಚೀಲ ಬರುತ್ತವೋ, ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತೀರೋ. ಈ ಮಾತುಕತೆಯಲ್ಲಿ ಮನೆಯ ಹೆಣ್ಣುಮಕ್ಕಳು ಇರಲೇಬೇಕು. ಗಂಡಸರಷ್ಟೇ ಕೂತು ಒಪ್ಪಿದ ಪ್ಲ್ಯಾನ್ ಗೋಡೆ ಎದ್ದ ಮೇಲೆ ಬದಲಾಗುತ್ತದೆ, ಆಗ ಒಡೆಯುವ ಕೂಲಿಯೂ ನಿಮ್ಮದೇ. ವಾಸ್ತು ಹೇಳುವವರನ್ನೂ ಆಗಲೇ ಕೂಡಿಸ್ರಿ.

ಮನೆಯಲ್ಲೇ ಬರೆದು ತರುವ ನಕ್ಷೆಗಳಲ್ಲಿ ಲೆಕ್ಕ ತಪ್ಪುವುದು ಮೆಟ್ಟಿಲಲ್ಲಿ. ನೆಲದಿಂದ ನೆಲಕ್ಕೆ ಹತ್ತೂವರೆ ಅಡಿ ಎಂದರೆ 126 ಇಂಚು. ಒಂದೊಂದು ಮೆಟ್ಟಿಲಿಗೆ ಏಳಿಂಚು ಏರಿಕೆ ಎಂದರೆ 18 ಮೆಟ್ಟಿಲು. ನಡುವೆ ತಿರುಗುವ ಮೆಟ್ಟಿಲಾದರೂ ಆರೂವರೆ ಅಡಿ ಅಗಲ, ಹತ್ತಡಿ ಉದ್ದ ಬೇಕು. 30-40ರ ಸೈಟಿನಲ್ಲಿ ಅದನ್ನು ನಡುಮನೆಯ ಜಾಗ ಕದಿಯದೆ ಎಲ್ಲಿಡುವುದು ಎಂಬುದೇ ಅರ್ಧ ವಿನ್ಯಾಸ.

ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಹಾಗಾಗಿ ಎಲ್ಲಕ್ಕಿಂತ ಹೆಚ್ಚು ಕಾಯುವುದು ಸ್ಲ್ಯಾಬು. ಅದರ ಮೇಲೆ ಇಟ್ಟಿಗೆ ಚೂರಿನ ಕೋಬಾ ಪದರ, ಬಿಳಿ ಚೈನಾ ಮೊಸಾಯಿಕ್ (ಒಡೆದ ಬಿಳಿ ಟೈಲ್ಸ್ ಚೂರಿನ ಹಾಸು) ಹಾಕಿಸುವ ರೊಕ್ಕವನ್ನು ಮುಂಭಾಗದ ಗಾಜಿಗೆ ಸುರಿಯಬೇಡ್ರಿ. ಸಂಜೆಯ ಇಳಿಬಿಸಿಲನ್ನು ಎರಡಡಿ ಚಜ್ಜಾ ತಡೆಯುವುದಿಲ್ಲ. ಪಡುವಣಕ್ಕೆ ಬಚ್ಚಲು, ಮೆಟ್ಟಿಲು, ಸ್ಟೋರು ಬಂದರೆ ಮಲಗುವ ಕೋಣೆ ಬದುಕಿತು.

ಪಾಲಿಕೆ ಒಪ್ಪಿಗೆಗೆ ಕೊಡುವ ನಕ್ಷೆ ಹಿಡಿದು ಗೌಂಡಿಗೆ ಕೆಲಸ ಹಚ್ಚಬೇಡ್ರಿ. ಸರಳಿನ ವಿವರ, ನಳದ ಪೈಪು, ಕರೆಂಟ್ ಪಾಯಿಂಟು, ಬಾಗಿಲು-ಕಿಟಕಿ ಅಳತೆ ಇವೆಲ್ಲ ಇರುವ ವರ್ಕಿಂಗ್ ಡ್ರಾಯಿಂಗ್ ಬೇರೆ. ಅದಿಲ್ಲದೆ ಗುತ್ತಿಗೆ ದರ ಕೇಳಿದರೆ ಒಬ್ಬೊಬ್ಬರು ಒಂದೊಂದನ್ನು ಬಿಟ್ಟು ಹೇಳುತ್ತಾರೆ, ಬಿಟ್ಟದ್ದು ಕೊನೆಗೆ 'ಎಕ್ಸ್‌ಟ್ರಾ' ಆಗಿ ಬರುತ್ತದೆ. ಆರ್ಕಿಟೆಕ್ಟ್ ಫೀ ಕಾಗದದಲ್ಲಿ ಸೈಟ್ ಭೇಟಿಗಳನ್ನೂ ಬರೆಸಿಕೊಳ್ರಿ: ಕಾಲಂ ಗುರುತು ಹಾಕುವ ದಿನ, ಬುನಾದಿ ತೋಡಿದಾಗ, ಪ್ಲಿಂತ್ ಬೀಮಿನ ಸರಳು ಕಟ್ಟಿದಾಗ, ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ಹಿಂದಿನ ದಿನ. ಕಾಂಕ್ರೀಟ್ ಬೆಳಿಗ್ಗೆ ಶುರುವಾದ ಮೇಲೆ ಬಂದರೆ ಫ್ಯಾನ್ ಬಾಕ್ಸ್ ಕೂಡ ಸರಿಸಲಾಗದು.