ಬಾರ್ಲಿ ನೀರಿಗೆ ಬಗ್ಗದ ಉರಿ

ಐವತ್ತು ದಾಟಿದ ಹೆಂಗಸು ಉರಿಮೂತ್ರ ಎಂದರೆ ಸಾಕು, ‘ಉಷ್ಣ ಆಗಿರಬೇಕು, ಬಾರ್ಲಿ ನೀರು ಕುಡಿಯಿರಿ’ ಎನ್ನುತ್ತೇವೆ. ಅದಕ್ಕೆ ಬಗ್ಗದಿದ್ದರೆ ಆಂಟಿಬಯಾಟಿಕ್. ಕೆಲವು ವಾರ ಕಳೆದರೆ ಮತ್ತೆ ಉರಿ, ಮತ್ತೆ ಮಾತ್ರೆ. ಯೋನಿ ಒಣಗಿ ತುರಿಸುತ್ತದೆ, ಗಂಡನ ಜೊತೆ ಸೇರಿದರೆ ನೋಯುತ್ತದೆ ಎಂಬುದನ್ನಂತೂ ನಾವು ಹೇಳುವುದಿಲ್ಲ, ಎಷ್ಟೋ ವೈದ್ಯರು ಕೇಳುವುದೂ ಇಲ್ಲ. ಇದಕ್ಕೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಎಂಬ ಹಳೆಯ, ಸರಳವಾದ ಚಿಕಿತ್ಸೆ ಇರುವುದರಿಂದಲೇ ನನಗೆ ಸಿಟ್ಟು.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿಯುತ್ತದೆ. ಯೋನಿ ಮತ್ತು ಮೂತ್ರದ್ವಾರದ ಒಳಪದರ ತೆಳುವಾಗುತ್ತದೆ, ಅದರಲ್ಲಿನ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಕಡಿಮೆಯಾಗುತ್ತದೆ. ಅದನ್ನು ಉಂಡು ಲ್ಯಾಕ್ಟಿಕ್ ಆಮ್ಲ ತಯಾರಿಸುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಸೊರಗುತ್ತವೆ. ಆಮ್ಲ ತಗ್ಗಿದ ಜಾಗದಲ್ಲಿ ಕರುಳಿನ ಬ್ಯಾಕ್ಟೀರಿಯಾ ಬೀಡು ಬಿಡುತ್ತವೆ. ಮೈ ಬಿಸಿಯೇರಿ ಬೆವರುವ ಕಾಟ ವರ್ಷಗಳು ಕಳೆದಂತೆ ಕಡಿಮೆಯಾಗಬಹುದು, ಆದರೆ ಇದು ಸಾಮಾನ್ಯವಾಗಿ ತಾನಾಗಿ ಹೋಗುವುದಿಲ್ಲ.

ಪದೇ ಪದೇ ಮೂತ್ರದ ಸೋಂಕಾಗುತ್ತಿದ್ದ 93 ಮಹಿಳೆಯರ ಮೇಲೆ ನಡೆದ ಪ್ರಯೋಗವೊಂದು 1993ರಲ್ಲೇ ಪ್ರಕಟವಾಗಿದೆ. ಯೋನಿಯೊಳಗೆ ಎಸ್ಟ್ರಿಯಾಲ್ (ಈಸ್ಟ್ರೋಜನ್‌ನ ಒಂದು ಬಗೆ) ಕ್ರೀಮ್ ಹಚ್ಚಿಕೊಂಡವರಿಗೆ ವರ್ಷಕ್ಕೆ ಸರಾಸರಿ 0.5 ಸಲ ಸೋಂಕು. ಔಷಧಿಯಿಲ್ಲದ ಕ್ರೀಮ್ ಸಿಕ್ಕವರಿಗೆ 5.9 ಸಲ. ಮೂವತ್ತು ವರ್ಷ ದಾಟಿದರೂ ಈ ಸುದ್ದಿ ನಮ್ಮ ಎಷ್ಟೋ ಮನೆಗಳ ಹೊಸಿಲು ತುಳಿದಿಲ್ಲ!

ಅಡ್ಡ ಬಂದದ್ದು ಭಯ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು, ನುಂಗುವ ಹಾರ್ಮೋನು ಮಾತ್ರೆಗಳಿಂದ ಸ್ತನ ಕ್ಯಾನ್ಸರ್ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದನ್ನು ಕಂಡು ಒಂದು ಭಾಗವನ್ನು ಅರ್ಧದಲ್ಲೇ ನಿಲ್ಲಿಸಿತು. ಆ ಮಾತ್ರೆಗಳ ಎಚ್ಚರಿಕೆಯನ್ನೇ ಅಲ್ಲಿ ಯೋನಿಯ ಕ್ರೀಮಿನ ಡಬ್ಬಿಗೂ ಅಂಟಿಸಿದರು. ಕಡಿಮೆ ಪ್ರಮಾಣದ ಕ್ರೀಮಿನಿಂದ ರಕ್ತಕ್ಕೆ ಸೇರುವ ಹಾರ್ಮೋನು ಅತ್ಯಲ್ಪ. ಕೊನೆಗೆ 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆ ಎಚ್ಚರಿಕೆಯನ್ನು ತೆಗೆಸುವುದಾಗಿ ಘೋಷಿಸಿದರು. ಬ್ರಿಟನ್ನಿನಲ್ಲಂತೂ 2022ರಿಂದ ಯೋನಿಯೊಳಗೆ ಇಡುವ 10 ಮೈಕ್ರೋಗ್ರಾಂನ ಈಸ್ಟ್ರೋಜನ್ ಮಾತ್ರೆ ವೈದ್ಯರ ಚೀಟಿಯಿಲ್ಲದೆಯೇ, ಔಷಧಿ ಅಂಗಡಿಯವರ ವಿಚಾರಣೆಯ ಮೇಲೆ ಸಿಗುತ್ತಿದೆ.

‘ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ ಅಕ್ಕ?’ ಎಂದು ನನ್ನ ತಂಗಿಯೇ ಕೇಳಿದಳು. ದೂರದ ಬಸ್ ಪ್ರಯಾಣವೆಂದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುವವಳು ಅವಳು. ಇದು ಬರೀ ಹಾಸಿಗೆಯ ಸುಖದ ವಿಷಯ ಎಂದುಕೊಂಡಿದ್ದಾಳೆ. ಆಗಿದ್ದರೂ ತಪ್ಪೇನು ಎಂದು ಕೇಳಿದೆ, ನಕ್ಕಳು.

ಕ್ರೀಮನ್ನು ಸಾಮಾನ್ಯವಾಗಿ ಹಚ್ಚುವುದು ಮೊದಲ ಎರಡು ವಾರ ದಿನವೂ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಪೂರ್ತಿ ಗುಣ ಕಾಣಲು ಎರಡು ಮೂರು ತಿಂಗಳು ಬೇಕಾಗಬಹುದು. ಬಿಟ್ಟರೆ ತೊಂದರೆ ಮರಳುತ್ತದೆ. ಹಾಗೆಂದು ನನ್ನ ಮಾತು ಕೇಳಿ ನೇರವಾಗಿ ಅಂಗಡಿಗೆ ಓಡಬೇಡಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಮೊದಲು ಅದರ ತಪಾಸಣೆ ಆಗಲೇಬೇಕು. ಸ್ತನ ಕ್ಯಾನ್ಸರ್ ಆದವರು ಹಾರ್ಮೋನಿಲ್ಲದ ಜೆಲ್‌ಗಳಿಂದ ಆರಂಭಿಸುವುದು ರೂಢಿ. ಕ್ರೀಮ್ ಬೇಕೆನಿಸಿದರೆ ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಬೇಕು. ಉಳಿದವರು ಮುಂದಿನ ಸಲ ಮೂತ್ರ ಪರೀಕ್ಷೆಯ ವರದಿ ಹಿಡಿದು ಕುಳಿತಾಗ, ಆಂಟಿಬಯಾಟಿಕ್ ಬರೆಯುತ್ತಿರುವ ವೈದ್ಯರಲ್ಲಿ ಈಸ್ಟ್ರೋಜನ್ ಕ್ರೀಮಿನ ಹೆಸರೆತ್ತಿ ಕೇಳಿ.